ಟರ್ಬೊ ಕಾರಿಗೆ ಮೆಥನಾಲ್ ಇಂಜೆಕ್ಷನ್ ಕಿಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಿಟ್‌ನ ಡಬ್ಬ ಬಿಚ್ಚಿ ಪಂಪು, ಪೈಪು, ವೈರುಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು ಕೂತವರು ಮೊದಲು ಕೇಳುವುದು “ಎಷ್ಟು ಎಚ್‌ಪಿ ಜಾಸ್ತಿ ಆಗುತ್ತೆ?” ಅಂತ. ಕಟ್ಟಕಡೆಗೆ, ಅದೂ ನೆನಪಾದರೆ, “ಟ್ಯಾಂಕ್ ಖಾಲಿಯಾದರೆ ಏನಾಗುತ್ತೆ?” ಅಂತ. ಈ ಎರಡು ಪ್ರಶ್ನೆಗಳು ಜಾಗ ಬದಲಾಯಿಸಿಕೊಳ್ಳಬೇಕು ಅನ್ನುವುದು ನನ್ನ ಹಟ. ಕೆಳಗಿನ ಉತ್ತರಗಳಲ್ಲಿ ಆ ಹಟ ಅಲ್ಲಲ್ಲಿ ಕಾಣಿಸಿಕೊಳ್ಳುತ್ತದೆ. ಇಲ್ಲಿ ಹೇಳಿರುವುದೆಲ್ಲ ಪೆಟ್ರೋಲ್ ಕಾರಿಗೆ. ಡೀಸೆಲ್ ಬಗ್ಗೆ ಮುಂದೆ ಒಂದು ಪ್ರಶ್ನೆ ಇದೆ.

ಈ ಕಿಟ್ ನಿಜವಾಗಿ ಮಾಡುವ ಕೆಲಸವೇನು?

ಟರ್ಬೊ ಗಾಳಿಯನ್ನು ಒತ್ತುತ್ತದೆ, ಒತ್ತಿದ ಗಾಳಿ ಕಾಯುತ್ತದೆ. ಇಂಟರ್‌ಕೂಲರ್ ಆ ಶಾಖದಲ್ಲಿ ಬಹುಪಾಲನ್ನು ಹೊರಗೆ ಬಿಡುತ್ತದೆ, ಪೂರ್ತಿ ಅಲ್ಲ. ಸಿಲಿಂಡರಿನೊಳಗೆ ಸ್ಪಾರ್ಕ್ ಹತ್ತಿಸಿದ ಜ್ವಾಲೆ ಮೂಲೆ ತಲುಪುವ ಮೊದಲೇ ಅಲ್ಲಿದ್ದ ಬಿಸಿ ಮಿಶ್ರಣ ತಾನಾಗಿಯೇ ಹೊತ್ತಿಕೊಂಡರೆ ಅದೇ ನಾಕಿಂಗ್. ಕಿಟ್ ಮಾಡುವುದಿಷ್ಟೆ: ಬೂಸ್ಟ್ (ಟರ್ಬೊ ಒತ್ತಿ ಕೊಡುವ ಗಾಳಿಯ ಒತ್ತಡ) ಏರಿದಾಗ ನೀರು ಮತ್ತು ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್) ಮಿಶ್ರಣವನ್ನು ಮಂಜಿನ ಹಾಗೆ ಗಾಳಿಯ ದಾರಿಗೆ ಸಿಂಪಡಿಸುತ್ತದೆ. ಹನಿ ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ಗಾಳಿಯಿಂದಲೂ ಸಿಲಿಂಡರಿನಿಂದಲೂ ಎಳೆದುಕೊಳ್ಳುತ್ತದೆ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡಾಗ ತಣ್ಣಗಾಗುವುದೂ ಇದೇ ಕಾರಣಕ್ಕೆ.

ಒಂದು ಕಿಲೋ ನೀರು ಆವಿಯಾಗಲು ಸುಮಾರು 2,257 ಕಿಲೋಜೂಲ್ ಬೇಕು, ಮೆಥನಾಲಿಗೆ ಸುಮಾರು 1,100. ಪೆಟ್ರೋಲಿಗೆ ಸಾಕಾಗುವುದು 350ರ ಆಸುಪಾಸು ಮಾತ್ರ. ಅಂದರೆ ತಣಿಸುವ ಕೆಲಸದಲ್ಲಿ ನೀರೇ ಯಜಮಾನ. ಮೆಥನಾಲ್ ಬೇಗ ಆವಿಯಾಗುತ್ತದೆ, ಜೊತೆಗೆ ತಾನೂ ಉರಿಯುತ್ತದೆ, ಅದರ ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿ) ಕೂಡ ಪೆಟ್ರೋಲಿಗಿಂತ ಮೇಲಿದೆ. ಅದಕ್ಕೇ ಇವೆರಡನ್ನೂ ಬೆರೆಸುವುದು.

ಇದೇನು ಹೊಸ ತಂತ್ರಜ್ಞಾನವಾ?

ಅಲ್ಲವೇ ಅಲ್ಲ. ಎರಡನೇ ಮಹಾಯುದ್ಧದ ಯುದ್ಧವಿಮಾನಗಳಲ್ಲೇ ಇತ್ತು. ಜರ್ಮನ್ನರ ಎಂಡಬ್ಲ್ಯು 50 ಅನ್ನುವ ದ್ರವ ಅರ್ಧ ಮೆಥನಾಲ್, ಉಳಿದರ್ಧ ಬಹುತೇಕ ನೀರು, ಮೇಲೆ ಅರ್ಧ ಪ್ರತಿಶತ ತುಕ್ಕು ತಡೆಯುವ ಎಣ್ಣೆ. ಇವತ್ತಿನ ಕ್ಯಾನಿನಲ್ಲಿರುವುದೂ ಹೆಚ್ಚುಕಡಿಮೆ ಅದೇ.

ಕಾರಿನ ಕಥೆ ಇನ್ನೂ ಸ್ವಾರಸ್ಯ. 1962ರಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಟರ್ಬೊ ಹಾಕಿದ ಮೊದಮೊದಲ ಕಾರುಗಳಲ್ಲಿ ಒಂದು. ಕಂಪ್ರೆಷನ್ ರೇಶಿಯೊ 10.25:1, ಅದರ ಮೇಲೆ ಟರ್ಬೊ. ನಾಕಿಂಗ್ ತಡೆಯಲು “ಟರ್ಬೊ ರಾಕೆಟ್ ಫ್ಲೂಯಿಡ್” ಅನ್ನುವ ನೀರು-ಮೆಥನಾಲ್ ದ್ರವಕ್ಕೆ ಬೇರೆ ಟ್ಯಾಂಕ್ ಇತ್ತು. ಕೊಂಡವರು ತುಂಬಿಸುವುದನ್ನು ಮರೆತರು. ಕಂಪನಿಗೆ ಇದು ಮೊದಲೇ ಗೊತ್ತಿತ್ತೋ ಏನೋ, ದ್ರವ ಮುಗಿದರೆ ಬೂಸ್ಟ್ ತಗ್ಗಿಸುವ ವ್ಯವಸ್ಥೆಯನ್ನು ಕಾರಿನಲ್ಲೇ ಇಟ್ಟಿದ್ದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಫೇಲ್‌ಸೇಫ್ (ದ್ರವ ಕೈಕೊಟ್ಟರೆ ಎಂಜಿನ್ ಉಳಿಸುವ ವ್ಯವಸ್ಥೆ) ಪ್ರಶ್ನೆಯಲ್ಲಿ ಮತ್ತೆ ಬೇಕಾಗುತ್ತದೆ. 2016ರ ಸುಮಾರಿಗೆ ಬಿಎಂಡಬ್ಲ್ಯು ಎಂ4 ಜಿಟಿಎಸ್‌ನಲ್ಲಿ ಬರೀ ನೀರಿನ ಇಂಜೆಕ್ಷನ್ ಕಂಪನಿಯಿಂದಲೇ ಬಂದಿತ್ತು.

ಸರಿ, ಎಷ್ಟು ಪವರ್ ಬರುತ್ತೆ?

ಕಿಟ್ ಹಾಕಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಒಳಗಿನ ಮ್ಯಾಪ್, ಅಂದರೆ ಅದರ ಸೆಟ್ಟಿಂಗುಗಳ ಪಟ್ಟಿ, ಮುಟ್ಟದೇ ಬಿಟ್ಟರೆ ಹೆಚ್ಚೇನೂ ಬರುವುದಿಲ್ಲ, ಸ್ವಲ್ಪ ಕಡಿಮೆಯಾದರೂ ಆಶ್ಚರ್ಯವಿಲ್ಲ. ಪವರ್ ಬರುವುದು ಮುಂದಕ್ಕೆ ಹಾಕಿದ ಇಗ್ನಿಷನ್ ಟೈಮಿಂಗಿನಿಂದ (ಸ್ಪಾರ್ಕ್ ಇನ್ನೂ ಬೇಗ ಹತ್ತಿಸುವುದರಿಂದ) ಮತ್ತು ಏರಿಸಿದ ಬೂಸ್ಟಿನಿಂದ. ದ್ರವ ಅದಕ್ಕೆ ಜಾಗ ಮಾಡಿಕೊಡುತ್ತದೆ, ಅಷ್ಟೆ. ಒಂದು ವಿನಾಯಿತಿ ಇದೆ. ಬಿಸಿಲಲ್ಲಿ ನಾಕ್ ಸೆನ್ಸರ್ ಕೂಗಿಕೊಂಡು ಇಸಿಯು ಆಗಲೇ ಟೈಮಿಂಗ್ ಹಿಂದಕ್ಕೆಳೆಯುತ್ತಿದ್ದರೆ, ಕಿಟ್ ಹಾಕಿದ ಕೂಡಲೇ ಆ ಕಳೆದುಹೋದ ಪವರ್ ವಾಪಸ್ ಬರುತ್ತದೆ. ಹಾಗಾಗಿ ಮೊದಲು ನಿಮ್ಮ ಕಾರಿನ ಲಾಗ್ (ಇಸಿಯು ದಾಖಲಿಸಿದ ಅಂಕಿಗಳು) ತೆಗೆದು ನೋಡಿ. ಟೈಮಿಂಗ್ ಹಿಂದೆ ಸರಿಯುತ್ತಲೇ ಇಲ್ಲ, ಬೂಸ್ಟ್ ಏರಿಸುವ ಯೋಚನೆಯೂ ಇಲ್ಲ ಅಂದರೆ ಈ ದುಡ್ಡು ಟೈರಿಗೆ ಹಾಕಿ.

ಇಂಟರ್‌ಕೂಲರ್ ತೆಗೆದುಬಿಡಬಹುದಾ?

ಬೇಡ. ಇಂಟರ್‌ಕೂಲರಿಗೆ ಟ್ಯಾಂಕ್ ತುಂಬಿಸಬೇಕಾಗಿಲ್ಲ.

ಮಿಶ್ರಣ ಎಷ್ಟಕ್ಕೆ ಎಷ್ಟು?

ರಸ್ತೆಯಲ್ಲಿ ಓಡುವ ಕಾರಿಗೆ 50:50. ಇದಕ್ಕಿಂತ ಮೆಥನಾಲ್ ಜಾಸ್ತಿ ಮಾಡಿದರೆ ಬೆಂಕಿಯ ಅಪಾಯ ಏರುತ್ತದೆ, ಪಂಪಿನ ಸೀಲುಗಳಿಗೂ ಹಿಂಸೆ. ಹಲವು ಕಿಟ್ ತಯಾರಕರೂ 50ಕ್ಕೇ ಗೆರೆ ಎಳೆಯುತ್ತಾರೆ. ಬರೀ ನೀರು ಹಾಕಿದರೂ ನಾಕಿಂಗ್ ತಗ್ಗುತ್ತದೆ, ಆದರೆ ಜಾಸ್ತಿಯಾದರೆ ಜ್ವಾಲೆ ನಿಧಾನವಾಗಿ ಎಂಜಿನ್ ಎಡವುತ್ತದೆ. ಚಳಿಪ್ರದೇಶವಾದರೆ ಹೆಪ್ಪುಗಟ್ಟುವ ತಲೆನೋವು ಬೇರೆ.

ಅಳತೆ ತೂಕದಲ್ಲೋ ಗಾತ್ರದಲ್ಲೋ ಎಂದು ಮೊದಲೇ ತೀರ್ಮಾನಿಸಿ, ಪ್ರತಿಸಲ ಅದನ್ನೇ ಪಾಲಿಸಿ. ಒಂದು ಲೀಟರ್ ಮೆಥನಾಲ್ ತೂಗುವುದು ಸುಮಾರು 790 ಗ್ರಾಂ. ಹಾಗಾಗಿ ಲೀಟರಿಗೆ ಲೀಟರ್ ಬೆರೆಸಿದರೆ ತೂಕದ ಲೆಕ್ಕದಲ್ಲಿ ಮೆಥನಾಲ್ 44 ಪ್ರತಿಶತ ಮಾತ್ರ. ಟ್ಯೂನ್ ಮಾಡಿಸಿದ್ದು ಒಂದು ಮಿಶ್ರಣಕ್ಕೆ, ಓಡಿಸುವುದು ಇನ್ನೊಂದಕ್ಕೆ ಅಂತಾಗಬಾರದು. ಬೆರೆಸುವಾಗ ಕ್ಯಾನ್ ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ, ಎರಡು ಲೀಟರ್ ಆಗಬೇಕಾದದ್ದು ಎರಡಕ್ಕೆ ಸ್ವಲ್ಪ ಕಮ್ಮಿ ಬರುತ್ತದೆ. ಗಾಬರಿಯಾಗಬೇಡಿ, ಸೋರಿಲ್ಲ. ಅವೆರಡರ ಸ್ವಭಾವವೇ ಹಾಗೆ.

ನೀರು ಡಿಸ್ಟಿಲ್ಡ್ ಅಥವಾ ಬ್ಯಾಟರಿಗೆ ಹಾಕುವ ಖನಿಜರಹಿತ ನೀರೇ ಆಗಬೇಕು. ದ್ರವ ಸಿಂಪಡಿಸುವ ಮೂತಿಯ, ಅಂದರೆ ನಾಜಲ್‌ನ, ತೂತು ಒಂದು ಮಿಲಿಮೀಟರಿಗೂ ಸಣ್ಣದು. ಗಡಸು ನೀರಿನ ಬಿಳಿ ಕಿಟ್ಟ ಅದನ್ನು ಮುಚ್ಚಲು ಹೆಚ್ಚು ದಿನ ಬೇಕಾಗಿಲ್ಲ.

ಗಾಜು ತೊಳೆಯುವ ವಾಷರ್ ದ್ರವದಲ್ಲೂ ಮೆಥನಾಲ್ ಇರುತ್ತಲ್ಲ, ಅದನ್ನೇ ಹಾಕಿದರೆ?

ಕೆಲವದರಲ್ಲಿ ಇರುತ್ತದೆ, ಕೆಲವದರಲ್ಲಿ ಎಥನಾಲ್, ಕೆಲವದರಲ್ಲಿ ಬರೀ ಸೋಪು. ಎಷ್ಟಿದೆ ಅಂತ ಡಬ್ಬದ ಮೇಲೆ ನಿಖರವಾಗಿ ಬರೆದಿಲ್ಲದಿದ್ದರೆ ಎಂಜಿನ್ನಿನೊಳಕ್ಕೆ ಕಳಿಸಬೇಡಿ. ಬಣ್ಣ, ಸುವಾಸನೆ, ನೊರೆ ಬರಿಸುವ ಪದಾರ್ಥ ಇವೆಲ್ಲ ನಾಜಲ್‌ಗೆ ಮೆತ್ತಿಕೊಳ್ಳುತ್ತವೆ.

ಮೆಥನಾಲ್ ಮುಟ್ಟುವುದು ಎಷ್ಟು ಅಪಾಯ?

ಇಲ್ಲಿ ಮಾತ್ರ ಸಲಿಗೆ ಬೇಡ. ಮೆಥನಾಲ್ ವಿಷ. ದೇಹದೊಳಗೆ ಅದು ಫಾರ್ಮಾಲ್ಡಿಹೈಡ್ ಆಗಿ, ಆಮೇಲೆ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಹತ್ತು ಮಿಲಿಲೀಟರ್ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಅದಕ್ಕಿಂತ ಸ್ವಲ್ಪ ಹೆಚ್ಚಾದರೆ ಜೀವವೇ. ನೋಡಲು ನೀರಿನ ಹಾಗೇ ಇರುತ್ತದೆ. ಕುಡಿದ ಕೂಡಲೇ ಏನೂ ಆಗದೆ, ಹನ್ನೆರಡು ಗಂಟೆ ಕಳೆದ ಮೇಲೆ ಕಣ್ಣು ಮಂಜಾಗುವುದೂ ಉಂಟು. ಆದ್ದರಿಂದ ಯಾರಾದರೂ ನುಂಗಿದರೆ “ಈಗ ಚೆನ್ನಾಗೇ ಇದ್ದಾರಲ್ಲ” ಅಂತ ಕಾಯದೆ ನೇರ ಆಸ್ಪತ್ರೆಗೆ. ನೀರಿನ ಬಾಟಲಿ, ಜ್ಯೂಸ್ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಪೈಪಿಗೆ ಬಾಯಿ ಹಚ್ಚಿ ದ್ರವ ಎಳೆಯುವುದಂತೂ ಬೇಡವೇ ಬೇಡ.

ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಕೈಗವಸು ಹಾಕಿಕೊಳ್ಳಿ. ಆವಿ ಕೂಡಿಕೊಳ್ಳದಂತೆ ಬಾಗಿಲು ತೆರೆದಿಟ್ಟು ಬೆರೆಸಿ. ಶುದ್ಧ ಮೆಥನಾಲ್ ಹನ್ನೊಂದು ಹನ್ನೆರಡು ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಹಗಲು ಬೆಳಕಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಗಾಳಿ ಅದುರುತ್ತಿದೆ ಅನ್ನಿಸಿ ಕೈ ಇಟ್ಟವರಿಗೆ ಗೊತ್ತಾಗುವುದು ಆಮೇಲೆ. ಅರ್ಧ ನೀರು ಬೆರೆಸಿದರೂ ಅದು ಹೊತ್ತಿಕೊಳ್ಳುವ ದ್ರವವೇ.

ನಾಜಲ್ ಸೈಜ್ ಹೇಗೆ ಆರಿಸುವುದು?

ಪೆಟ್ರೋಲ್ ಹರಿವಿನ ಶೇಕಡಾ 10ರಿಂದ 20 ಅನ್ನುವುದು ಹಳೆಯ ಕಟ್ಟಳೆ. ಲೆಕ್ಕ ಹಾಕಿ ನೋಡೋಣ. 300 ಎಚ್‌ಪಿ ಎಂಜಿನ್. ಟರ್ಬೊ ಎಂಜಿನ್ ಪೂರ್ತಿ ಒತ್ತಿದಾಗ ಎಚ್‌ಪಿಗೆ ಗಂಟೆಗೆ ಸುಮಾರು ಕಾಲು ಕಿಲೋ ಪೆಟ್ರೋಲ್ ಕುಡಿಯುತ್ತದೆ ಅಂದುಕೊಂಡರೆ ಗಂಟೆಗೆ 75 ಕಿಲೋ, ನಿಮಿಷಕ್ಕೆ 1.25 ಕಿಲೋ, ಅಂದರೆ ಸುಮಾರು 1,700 ಮಿಲಿಲೀಟರ್. ಇದರ ಶೇಕಡಾ 15 ಅಂದರೆ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್.

ಹಾಗಂತ 250 ಅಂತ ಕೊರೆದಿರುವ ನಾಜಲ್ ತಂದು ಹಾಕಬೇಡಿ. ಆ ಸಂಖ್ಯೆ ಯಾವ ಒತ್ತಡಕ್ಕೆ ಅನ್ನುವುದೇ ಮುಖ್ಯ. ನಾಜಲ್ ರೇಟಿಂಗ್ 100 ಪಿಎಸ್‌ಐಗೆ (ಪಿಎಸ್‌ಐ ಒತ್ತಡದ ಅಳತೆ), ನಿಮ್ಮ ಪಂಪು 200 ಪಿಎಸ್‌ಐ ಕೊಡುತ್ತದೆ, ಬೂಸ್ಟ್ 20 ಎನ್ನಿ. ಬೂಸ್ಟ್ ನಾಜಲ್‌ನ ಎದುರಿನಿಂದ ತಳ್ಳುತ್ತದೆ, ಹಾಗಾಗಿ ಉಳಿಯುವುದು 180. ಹರಿವು ಒತ್ತಡದ ವರ್ಗಮೂಲದ ಪ್ರಕಾರ ಏರುತ್ತದೆ: 1.8ರ ವರ್ಗಮೂಲ 1.34. ಅಂದರೆ 250ರ ನಾಜಲ್ ನಿಜವಾಗಿ 335 ಸುರಿಯುತ್ತದೆ. ನಿಮಗೆ ಬೇಕಾದ್ದು 190ರ ಆಸುಪಾಸಿನದು. ಸಂದೇಹ ಇದ್ದರೆ ಸಣ್ಣದರಿಂದ ಶುರು ಮಾಡಿ. ಜಾಸ್ತಿಯಾದರೆ ಎಂಜಿನ್ ಮುಕ್ಕರಿಸುತ್ತದೆ, ಅದು ಕಾಲಿಗೇ ಗೊತ್ತಾಗುತ್ತದೆ.

ನಾಜಲ್ ಎಲ್ಲಿ ಕೂರಿಸಬೇಕು?

ಇಂಟರ್‌ಕೂಲರ್ ದಾಟಿದ ಮೇಲೆ, ಥ್ರಾಟಲ್ ಬಾಡಿಗಿಂತ (ಎಂಜಿನ್ನಿಗೆ ಗಾಳಿ ಬಿಡುವ ಕವಾಟ) ಒಂದು ಗೇಣಾದರೂ ಹಿಂದೆ. ಹನಿ ಆವಿಯಾಗಲು, ಎಲ್ಲ ಸಿಲಿಂಡರಿಗೂ ಸಮನಾಗಿ ಹಂಚಿಹೋಗಲು ಅಷ್ಟು ದಾರಿ ಬೇಕು. ಏರ್‌ಫ್ಲೋ ಸೆನ್ಸರ್ ಇಂಟರ್‌ಕೂಲರ್ ಆಚೆ ಇದ್ದರೆ ನಾಜಲ್ ಅದನ್ನೂ ದಾಟಿದ ಮೇಲಿರಲಿ. ಗಾಳಿಯ ಉಷ್ಣತೆ ಅಳೆಯುವ ಸೆನ್ಸರಿನ ಮೇಲೆ ಹನಿ ನೇರ ಬೀಳಬಾರದು. ಬಿದ್ದರೆ ಅದು ಒದ್ದೆಯಾದ ತನ್ನ ಮೈಯ ಉಷ್ಣತೆ ಹೇಳುತ್ತದೆ, ಗಾಳಿಯದ್ದಲ್ಲ. ಆ ಸುಳ್ಳು ಅಂಕಿಯನ್ನು ನಂಬಿ ಇಸಿಯು ಟೈಮಿಂಗ್ ಏರಿಸುತ್ತದೆ.

ಪೈಪಿನ ತಳದಿಂದ ಮೇಲಕ್ಕೆ ನಾಜಲ್ ಕೂರಿಸಬೇಡಿ, ಎಣ್ಣೆ ಜಿಡ್ಡು ಅಲ್ಲೇ ಬಂದು ನಿಲ್ಲುತ್ತದೆ. ಮೇಲಿನಿಂದ ಅಥವಾ ಪಕ್ಕದಿಂದ ಹಾಕಿ. ಟರ್ಬೊಗಿಂತ ಮೊದಲು ಸಿಂಪಡಿಸುವವರೂ ಇದ್ದಾರೆ. ಲಕ್ಷದಷ್ಟು ಆರ್‌ಪಿಎಂನಲ್ಲಿ ತಿರುಗುವ ಕಂಪ್ರೆಸರ್ ಅಂಚಿಗೆ ದಪ್ಪ ಹನಿ ಬಡಿದರೆ ಅಂಚು ಸವೆಯುತ್ತದೆ. ಮೊದಲ ಕಿಟ್‌ನಲ್ಲಿ ಆ ಸಾಹಸ ಬೇಡ.

ತೂತು ಕೊರೆಯುವಾಗ ಪೈಪನ್ನು ಕಾರಿನಿಂದ ಬಿಚ್ಚಿ ಹೊರಗಿಟ್ಟುಕೊಂಡೇ ಕೊರೆಯಿರಿ. “ಗ್ರೀಸ್ ಹಚ್ಚಿದರೆ ಪುಡಿ ಒಳಗೆ ಬೀಳಲ್ಲ” ಅನ್ನುವ ಮಾತನ್ನು ನಿಮ್ಮ ಪಿಸ್ಟನ್ ನಂಬುವುದಿಲ್ಲ. ಥ್ರೆಡ್‌ಗೆ ಬಿಳಿ ಟೇಪ್ ಸುತ್ತುವುದಾದರೆ ಮೊದಲ ಎರಡು ಸುತ್ತು ಬಿಟ್ಟು ಸುತ್ತಿ. ಹರಿದ ಟೇಪಿನ ಎಳೆ ಸೀದಾ ಹೋಗಿ ಕೂರುವುದು ನಾಜಲ್ ಬಾಯಲ್ಲೇ.

ಟ್ಯಾಂಕು, ಪಂಪು ಎಲ್ಲಿ?

ಪಂಪು ಟ್ಯಾಂಕಿಗೆ ಹತ್ತಿರ, ಟ್ಯಾಂಕಿನ ತಳಕ್ಕಿಂತ ಕೆಳಗೆ. ಈ ಪಂಪುಗಳು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೋಮಾರಿ. ಡಿಕ್ಕಿಯಲ್ಲಿ ಇಟ್ಟರೆ ಟ್ಯಾಂಕಿನ ಉಸಿರುನಳಿಕೆ ಕಾರಿನ ಹೊರಗೆ ತೆರೆದುಕೊಳ್ಳಬೇಕು, ಇಲ್ಲದಿದ್ದರೆ ಆವಿ ಸೇರುವುದು ನೀವು ಕೂತ ಕಡೆಗೇ. ಬಾನೆಟ್ ಕೆಳಗಾದರೆ ಸೈಲೆನ್ಸರ್ ಮ್ಯಾನಿಫೋಲ್ಡ್‌ನಿಂದ, ಟರ್ಬೊದಿಂದ ದೂರ ಇಡಿ.

ಮುಖ್ಯವಾದದ್ದು ಸೈಫನ್, ಅಂದರೆ ದ್ರವ ತಾನಾಗಿಯೇ ಹರಿದುಹೋಗುವುದು. ಐಡಲ್‌ನಲ್ಲಿ ಥ್ರಾಟಲ್ ದಾಟಿದ ಮೇಲಿನ ಮ್ಯಾನಿಫೋಲ್ಡ್ ಹೀರುತ್ತಿರುತ್ತದೆ, ನಾಜಲ್ ಅಲ್ಲಿದ್ದರೆ ದ್ರವವನ್ನೂ ಎಳೆಯುತ್ತದೆ. ಟ್ಯಾಂಕ್ ಎತ್ತರದಲ್ಲಿದ್ದರೆ ಪಂಪು ತಿರುಗದಿದ್ದರೂ ದ್ರವ ತೊಟ್ಟಿಕ್ಕುತ್ತದೆ. ಎಂಜಿನ್ ಆರಿಸಿ ನಿಲ್ಲಿಸಿದ ಕಾರಿನಲ್ಲಿ ರಾತ್ರಿಯಿಡೀ ತೊಟ್ಟಿಕ್ಕಿ ಸಿಲಿಂಡರಿಗೆ ಇಳಿದರೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಾಗುವುದು ಕನೆಕ್ಟಿಂಗ್ ರಾಡ್. ನಾಜಲ್ ಹತ್ತಿರವೇ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ಕವಾಟ) ಹಾಕಿ. ಚೆಕ್ ವಾಲ್ವ್ ಒಂದೇ ಸಾಲದು.

ನೈಲಾನ್ ಪೈಪನ್ನು ಬ್ಲೇಡಿನಿಂದ ನೇರ ಕತ್ತರಿಸಿ. ಕಟಿಂಗ್ ಪ್ಲೈಯರ್‌ನಿಂದ ಕಚ್ಚಿ ತುಂಡರಿಸಿದರೆ ತುದಿ ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗುತ್ತದೆ. ಫಿಟ್ಟಿಂಗಿಗೆ ತಳ್ಳಿದಾಗ “ಟಕ್” ಅಂತ ಕೂತ ಹಾಗೇ ಇರುತ್ತದೆ, 200 ಪಿಎಸ್‌ಐ ಬಂದಾಗ ಓರಿಂಗ್ ಪಕ್ಕದಿಂದ ಕೂದಲೆಳೆಯಷ್ಟು ಜಿನುಗುತ್ತದೆ.

ವೈರಿಂಗ್‌ನಲ್ಲಿ ಜನ ಎಡವುವುದೆಲ್ಲಿ?

ಪಂಪಿನ ಕರೆಂಟನ್ನು ಯಾವುದೋ ಹತ್ತಿರದ ವೈರಿನಿಂದ ಕದಿಯುವುದರಲ್ಲಿ. ಬ್ಯಾಟರಿಯಿಂದ ನೇರ ಬರಲಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ, ರಿಲೇ ಇರಲಿ. ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ವೈರಿನಿಂದ ಅದಕ್ಕೆ ಸಿಗ್ನಲ್ ಕೊಡಿ. ಅರ್ಥಿಂಗ್ ಮಾಡುವ ಕಡೆ ಪೇಂಟ್ ಕೆರೆದು ಹೊಳೆಯುವ ಲೋಹಕ್ಕೆ ಬಿಗಿಯಿರಿ. ಪಂಪು ಕೆಟ್ಟಿದೆ ಎಂದು ಬಿಚ್ಚಿಸಿಕೊಂಡು ಬಂದವುಗಳಲ್ಲಿ ಎಷ್ಟೋ ಸಲ ಕೆಟ್ಟಿರುವುದು ಅರ್ಥಿಂಗ್.

ಯಾವ ಬೂಸ್ಟ್‌ಗೆ ಶುರುವಾಗಬೇಕು?

ನಿಮ್ಮ ಗರಿಷ್ಠ ಬೂಸ್ಟಿನ ಅರ್ಧಕ್ಕೆ ಶುರು, ಗರಿಷ್ಠಕ್ಕೆ ಸ್ವಲ್ಪ ಮೊದಲು ಪೂರ್ತಿ. 20 ಪಿಎಸ್‌ಐ ಕಾರಿಗೆ 10ಕ್ಕೆ ಆರಂಭ, 18ಕ್ಕೆ ಪೂರ್ಣ ಅಂತಿಟ್ಟುಕೊಳ್ಳಿ. ಅದಕ್ಕಿಂತ ಬೇಗ ಶುರುವಾದರೆ ಕಡಿಮೆ ಗಾಳಿಗೆ ಜಾಸ್ತಿ ನೀರು ಬಿದ್ದು ಎಂಜಿನ್ ಕೆಮ್ಮುತ್ತದೆ.

ಕಾರು ಹೊರಗೆ ತೆಗೆಯುವ ಮೊದಲು ಪರೀಕ್ಷೆ ಹೇಗೆ?

ನಾಜಲ್ ಬಿಚ್ಚಿ ಅಳತೆಯ ಪಾತ್ರೆಗೆ ಹಿಡಿಯಿರಿ. ಟ್ಯಾಂಕಿನಲ್ಲಿ ಬರೀ ನೀರಿರಲಿ, ಮೆಥನಾಲ್ ಬೇಡ. ಕಂಟ್ರೋಲರಿನ ಟೆಸ್ಟ್ ಬಟನ್ ಒತ್ತಿ ಮೂವತ್ತು ಸೆಕೆಂಡು ಬಿಡಿ. ಮೊದಲು ಗುಳ್ಳೆ ಉಗುಳುತ್ತದೆ, ಆಮೇಲೆ ಧಾರೆ, ಒತ್ತಡ ಕೂಡಿದ ಮೇಲೆ ಕೊಡೆ ಬಿಚ್ಚಿದ ಹಾಗೆ ಮಂಜಿನ ಶಂಕು. ಶಂಕು ಒಂದೇ ಸಮ ಇರಬೇಕು. ಒಂದು ಕಡೆ ಗೆರೆಯ ಹಾಗೆ ದಪ್ಪಗಿದ್ದರೆ ತೂತಿನಲ್ಲಿ ಕಸ ಇದೆ. ಬಟನ್ ಬಿಟ್ಟ ಕೂಡಲೇ ಮಂಜು ಕತ್ತರಿಸಿದಂತೆ ನಿಲ್ಲಬೇಕು, ಎರಡು ಮೂರು ಹನಿಗಿಂತ ಹೆಚ್ಚು ತೊಟ್ಟಿಕ್ಕಬಾರದು. ಪಾತ್ರೆಯಲ್ಲಿ ಬಿದ್ದದ್ದನ್ನು ಎರಡರಿಂದ ಗುಣಿಸಿದರೆ ನಿಮಿಷದ ಲೆಕ್ಕ ಸಿಕ್ಕಿತು. ಅದನ್ನು ಬರೆದಿಟ್ಟುಕೊಳ್ಳಿ. ಆರು ತಿಂಗಳಾದ ಮೇಲೆ ಇದೇ ಪರೀಕ್ಷೆ ಮಾಡಿದಾಗ ಹೋಲಿಸಲು ಬೇಕು. ಇಲ್ಲಿ ಎದುರಿನಿಂದ ತಳ್ಳುವ ಬೂಸ್ಟ್ ಇಲ್ಲವಾದ್ದರಿಂದ ಅಂಕಿ ಕೊಂಚ ಮೇಲೆಯೇ ಇರುತ್ತದೆ.

ಟ್ಯೂನಿಂಗ್ ಯಾವ ಕ್ರಮದಲ್ಲಿ?

ಮೊದಲು ಏನನ್ನೂ ಬದಲಾಯಿಸದೆ ಕೆಲವು ದಿನ ಹಳೆಯ ಮ್ಯಾಪಿನಲ್ಲೇ ಓಡಿಸಿ. ಲಾಗ್‌ನಲ್ಲಿ ಎರಡು ವಿಷಯ ಕಾಣಬೇಕು: ಮಿಶ್ರಣ ಇನ್ನಷ್ಟು ರಿಚ್ (ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚು) ಆಗಿರಬೇಕು, ಯಾಕೆಂದರೆ ಮೆಥನಾಲೂ ಇಂಧನವೇ. ನಾಕಿಂಗ್ ಎಣಿಕೆ ತಗ್ಗಿರಬೇಕು. ಇವೆರಡೂ ಪ್ರತಿಸಲ ಒಂದೇ ರೀತಿ ಬಂದರೆ ಮಾತ್ರ ಮುಂದಿನ ಹೆಜ್ಜೆ.

ಆಮೇಲೆ ಪೆಟ್ರೋಲ್ ಸ್ವಲ್ಪ ಕಡಿಮೆ ಮಾಡಿ ಲ್ಯಾಂಬ್ಡಾ (ಮಿಶ್ರಣ ಸರಿಸಮ ಇದ್ದರೆ 1, ರಿಚ್ ಆದಂತೆ ಅದಕ್ಕಿಂತ ಕಡಿಮೆ) 0.8ರ ಹತ್ತಿರಕ್ಕೆ ತನ್ನಿ. ಗಾಳಿ-ಇಂಧನ ಅನುಪಾತದ ಬದಲು ಲ್ಯಾಂಬ್ಡಾ ನೋಡುವುದು ಒಳ್ಳೆಯದು. ಪೆಟ್ರೋಲಿಗೆ ಸರಿಯಾದ ಅನುಪಾತ 14.7, ಮೆಥನಾಲಿಗೆ 6.4. ಎರಡೂ ಬೆರೆತಾಗ ಮೀಟರ್ ತೋರಿಸುವ 11.8 ಅನ್ನುವುದು ಬರೀ ಪೆಟ್ರೋಲ್ ಲೆಕ್ಕದ ಅಂಕಿ. ನಂತರ ಟೈಮಿಂಗ್, ಒಂದೊಂದೇ ಡಿಗ್ರಿ. ಏರಿಸಿದರೂ ಟಾರ್ಕ್ ಏರದಿದ್ದರೆ ಅಲ್ಲಿಗೆ ನಿಲ್ಲಿಸಿ. ಬೂಸ್ಟ್ ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಸ್ಪಾರ್ಕ್ ಪ್ಲಗ್ ಒಂದು ದರ್ಜೆ ತಂಪಿನದು ಹಾಕಿ, ಗ್ಯಾಪ್ ಸ್ವಲ್ಪ ಕಿರಿದು ಮಾಡಿ. ಪ್ಲಗ್ ಬಿಚ್ಚಿದಾಗ ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ, ನಡುವೆ ಬೆಳ್ಳಿಯಂತೆ ಹೊಳೆಯುವ ಕಣ ಕಂಡರೆ ನಿಲ್ಲಿಸಿಬಿಡಿ. ಆ ಹೊಳಪು ಪಿಸ್ಟನ್ನಿನ ಅಲ್ಯುಮಿನಿಯಂ.

ಟ್ಯಾಂಕ್ ಖಾಲಿಯಾದರೆ? ಪೈಪ್ ಕಳಚಿದರೆ?

ಮೊದಲ ಪ್ರಶ್ನೆ ಆಗಬೇಕಾಗಿದ್ದದ್ದು ಇದು. ಟ್ಯೂನ್ ಮಾಡಿದ ಮೇಲೆ ದ್ರವ ನಿಂತರೆ, ಏರಿಸಿದ ಟೈಮಿಂಗ್, ಕಡಿಮೆ ಮಾಡಿದ ಪೆಟ್ರೋಲ್, ಜಾಸ್ತಿ ಬೂಸ್ಟ್ ಮೂರೂ ಒಟ್ಟಿಗೆ ಎಂಜಿನ್ ಮೇಲೆ ಬೀಳುತ್ತವೆ. ಒಂದೇ ಸಲದ ಓಟದಲ್ಲಿ ಪಿಸ್ಟನ್ ಹೋಗಬಹುದು.

ಹೊಳೆಯುವ ಗೇಜು, ಬಣ್ಣದ ಹೋಸು ಎಲ್ಲ ಕೊಂಡು ಫೇಲ್‌ಸೇಫ್ “ಆಮೇಲೆ ನೋಡೋಣ” ಅನ್ನುವವರನ್ನು ನೋಡಿದರೆ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನುವ ಗಾದೆ ನೆನಪಾಗುತ್ತದೆ. ಡ್ಯಾಶ್‌ಬೋರ್ಡಿನ ಎಲ್‌ಇಡಿ ಫೇಲ್‌ಸೇಫ್ ಅಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ನಿಮ್ಮ ಕಣ್ಣು ರಸ್ತೆಯ ಮೇಲಿರುತ್ತದೆ, ಇರಬೇಕು ಕೂಡ.

ಟ್ಯಾಂಕಿನ ಲೆವೆಲ್ ಸ್ವಿಚ್ ಖಾಲಿಯಾದದ್ದನ್ನು ಹೇಳುತ್ತದೆ, ಬೇರೇನೂ ಹೇಳುವುದಿಲ್ಲ. ಒತ್ತಡದ ಸೆನ್ಸರ್ ಪೈಪ್ ಒಡೆದದ್ದನ್ನು ಹಿಡಿಯುತ್ತದೆ. ಆದರೆ ನಾಜಲ್ ಕಟ್ಟಿಕೊಂಡಾಗ ಒತ್ತಡ ಭರ್ಜರಿಯಾಗೇ ಇರುತ್ತದೆ, ಸೆನ್ಸರ್ “ಎಲ್ಲ ಸರಿ” ಅನ್ನುತ್ತದೆ. ನನ್ನ ಮತ ಹರಿವಿನ ಸೆನ್ಸರಿಗೆ. ಹರಿವು ಕಡಿಮೆಯಾದರೆ ನಾಜಲ್ ಕಟ್ಟಿದೆ ಅಥವಾ ಪಂಪು ಸೋತಿದೆ, ಜಾಸ್ತಿಯಾದರೆ ಸೆನ್ಸರಿನಿಂದಾಚೆ ಎಲ್ಲೋ ಪೈಪ್ ಕಳಚಿದೆ. ಎರಡು ಗೆರೆಗಳ ನಡುವೆ ಇದ್ದರೆ ಮಾತ್ರ ಸರಿ.

ಸೆನ್ಸರ್ ಕೂಗಿದರೆ ಸಾಲದು, ಇಸಿಯು ಕೇಳಬೇಕು. ಒಂದೋ ಸುರಕ್ಷಿತ ಮ್ಯಾಪಿಗೆ ಹೊರಳಬೇಕು, ಇಲ್ಲವೇ ಬೂಸ್ಟ್ ಸೊಲೆನಾಯ್ಡ್‌ನ ಕರೆಂಟ್ ಕಡಿದು ಬೂಸ್ಟನ್ನು ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದಂತೆ ತಡೆಯುವ ಕವಾಟ) ಸ್ಪ್ರಿಂಗ್ ಮಟ್ಟಕ್ಕೆ ಇಳಿಸಬೇಕು. ಎರಡನೆಯದಾದರೆ ಆ ಸ್ಪ್ರಿಂಗ್ ಒತ್ತಡದಲ್ಲಿ ದ್ರವವಿಲ್ಲದೆಯೂ ಮ್ಯಾಪ್ ಸುರಕ್ಷಿತ ಎಂದು ಮೊದಲೇ ಖಚಿತ ಮಾಡಿಕೊಳ್ಳಿ. ಪಂಪಿನ ಫ್ಯೂಸ್ ಕಿತ್ತು, ಹಳೆಯ ಮ್ಯಾಪಿನಲ್ಲೇ ಬೂಸ್ಟ್ ಏರಿಸಿ ನೋಡಿ. ಬೂಸ್ಟ್ ತಾನಾಗಿ ಬಿದ್ದರೆ ಸರಿ. ಬೀಳದಿದ್ದರೆ ನಿಮ್ಮ ಫೇಲ್‌ಸೇಫ್ ಲೆಕ್ಕಕ್ಕುಂಟು, ಆಟಕ್ಕಿಲ್ಲ. 1962ರ ಜೆಟ್‌ಫೈರ್‌ನಲ್ಲಿ ಯಾವ ಕಂಪ್ಯೂಟರೂ ಇಲ್ಲದೆ ಇದು ಸಾಧ್ಯವಾಗಿತ್ತು.

ಎಂಜಿನ್ ತುಕ್ಕು ಹಿಡಿಯುತ್ತಾ?

ಸಿಲಿಂಡರಿನ ಬಿಸಿಗೆ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಪೆಟ್ರೋಲ್ ಉರಿದಾಗಲೂ ನೀರೇ ಹುಟ್ಟುತ್ತದಲ್ಲ. ಸಿಲಿಂಡರ್ ಒಳಗೆ ಕರಿ ಕಟ್ಟುವುದು ಕಡಿಮೆಯಾಗುವುದೂ ಉಂಟು. ತೊಂದರೆ ಬರುವುದು ದ್ರವ ನಿಂತಲ್ಲಿ ನಿಂತರೆ. ಮೆಥನಾಲ್ ಬರೀ ಅಲ್ಯುಮಿನಿಯಂ ಟ್ಯಾಂಕನ್ನು ತಿನ್ನುತ್ತದೆ, ಕೆಲವು ರಬ್ಬರುಗಳನ್ನು ಊದಿಸುತ್ತದೆ, ಅಕ್ರಿಲಿಕ್ ಅನ್ನು ಬಿರುಕು ಬಿಡಿಸುತ್ತದೆ. ದಪ್ಪ ಪಾಲಿಥೀನ್ ಟ್ಯಾಂಕ್, ಮೆಥನಾಲಿಗೆಂದೇ ಮಾಡಿದ ಸೀಲು ಬಳಸಿ. ತಿಂಗಳುಗಟ್ಟಲೆ ಕಾರು ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ, ಪಂಪಿನ ಮೂಲಕ ಸ್ವಲ್ಪ ಶುದ್ಧ ನೀರು ಹರಿಸಿಡಿ.

ಒಂದು ಟ್ಯಾಂಕ್ ಎಷ್ಟು ದಿನ ಬರುತ್ತೆ?

ನಿಮ್ಮ ಬಲಗಾಲನ್ನು ಕೇಳಿ. ನಿಮಿಷಕ್ಕೆ 250 ಮಿಲಿಲೀಟರಿನಂತೆ ಐದು ಲೀಟರ್ ಅಂದರೆ ಇಪ್ಪತ್ತು ನಿಮಿಷದ ಪೂರ್ತಿ ಬೂಸ್ಟ್. ರಸ್ತೆಯಲ್ಲಿ ಪೂರ್ತಿ ಬೂಸ್ಟ್ ಸಿಗುವುದು ಕೆಲವೇ ಸೆಕೆಂಡು, ಹಾಗಾಗಿ ವಾರಗಟ್ಟಲೆ ಬರುತ್ತದೆ. ಟ್ರ್ಯಾಕಿನಲ್ಲಿ ಅರ್ಧ ದಿನವೂ ಬಾರದು. ಪೆಟ್ರೋಲ್ ಹಾಕಿಸಿದಾಗೆಲ್ಲ ಇದನ್ನೂ ನೋಡುವುದು ರೂಢಿಯಾಗಲಿ.

ಡೀಸೆಲ್‌ಗೆ ಹಾಕಬಹುದಾ?

ಹಾಕಬಹುದು, ಲೆಕ್ಕಾಚಾರ ಮಾತ್ರ ಬೇರೆ. ಅಲ್ಲಿ ಮೆಥನಾಲ್ ಹೆಚ್ಚುವರಿ ಇಂಧನ, ನೀರು ಎಕ್ಸಾಸ್ಟ್ ಉಷ್ಣತೆ ಇಳಿಸುವ ಸಾಧನ. ಮೆಥನಾಲ್ ಅತಿಯಾದರೆ ಡೀಸೆಲ್ ಬೀಳುವ ಮೊದಲೇ ಹೊತ್ತಿಕೊಂಡು ಎಂಜಿನ್ ಕುಟ್ಟುತ್ತದೆ.

ವಾರಂಟಿ, ಕಾನೂನು?

ಎಂಜಿನ್ ವಾರಂಟಿ ಹೋಯಿತೆಂದೇ ಲೆಕ್ಕ ಇಟ್ಟುಕೊಳ್ಳಿ. ವಾಹನ ಮಾರ್ಪಾಡಿನ ನಿಯಮ, ಮೆಥನಾಲ್ ಕೊಳ್ಳುವ ಮತ್ತು ಇಟ್ಟುಕೊಳ್ಳುವ ನಿಯಮ ಒಂದೊಂದು ಕಡೆ ಒಂದೊಂದು. ಕಿಟ್ ಕೊಳ್ಳುವ ಮೊದಲೇ ವಿಚಾರಿಸಿ. ವಿಮಾ ಕಂಪನಿಗೂ ತಿಳಿಸಿ.

ಕಾರನ್ನು ಸರ್ವಿಸಿಗೆ ಅಥವಾ ಬೇರೆಯವರ ಕೈಗೆ ಕೊಡುವಾಗ?

ಟ್ಯಾಂಕಿನ ಮುಚ್ಚಳದ ಮೇಲೆ “ಮೆಥನಾಲ್, ವಿಷ, ಬೆಂಕಿ ಹತ್ತುತ್ತದೆ” ಅಂತ ದೊಡ್ಡದಾಗಿ ಬರೆದು ಅಂಟಿಸಿ. ವಾಷರ್ ಟ್ಯಾಂಕ್ ಅಂದುಕೊಂಡು ಸೋಪುನೀರು ತುಂಬುವ ಮೆಕ್ಯಾನಿಕ್ ಇದ್ದೇ ಇರುತ್ತಾರೆ, ಅವರದ್ದು ತಪ್ಪಲ್ಲ. ಕಾರು ಮಾರುವುದಾದರೆ ಹಳೆಯ ಮ್ಯಾಪ್ ವಾಪಸ್ ಹಾಕಿ, ಬೂಸ್ಟ್ ಇಳಿಸಿ, ಟ್ಯಾಂಕ್ ಬರಿದು ಮಾಡಿ ಕೊಡಿ. ಕೊಳ್ಳುವವರಿಗೆ ಕಿಟ್ ಬೇಕೇ ಬೇಕೆಂದರೆ ಬೇರೆ ಡಬ್ಬದಲ್ಲಿ ಕೊಡಿ, ಜೊತೆಗೆ ಅಳತೆಯ ಪಾತ್ರೆಯಲ್ಲಿ ನೀವು ಹಿಡಿದು ಬರೆದಿಟ್ಟ ಆ ಅಂಕಿಯ ಚೀಟಿಯನ್ನೂ.